ರ‍್ಯಾಪ್ ದನಿಗೆ ಡಿಲೇ ಹಾಕುವುದು ಹೇಗೆ?

ರ‍್ಯಾಪ್‌ನಲ್ಲಿ ಮಾತು ದಟ್ಟ. ಡಿಲೇ ಅಂದರೆ ದನಿಯನ್ನು ತುಸು ತಡವಾಗಿ ಮರಳಿಸುವ ಎಫೆಕ್ಟ್; ಅದನ್ನು ಇಡೀ ದನಿಗೆ ಹಚ್ಚಿದರೆ ಹಿಂದಿನ ಪದದ ಪ್ರತಿಧ್ವನಿ ಮುಂದಿನ ಪದದ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ. ಡಿಲೇಗೆ ಜಾಗ ಸಿಗುವುದು ಮಾತು ನಿಂತಲ್ಲಿ ಮಾತ್ರ.

ಮೊದಲು ಮಿಕ್ಸಿಂಗ್ ಸಾಫ್ಟ್‌ವೇರಿನಲ್ಲಿ ಬೇರೊಂದು ಬಸ್ (ದನಿ ಕಳಿಸಲು ಪ್ರತ್ಯೇಕ ಚಾನೆಲ್) ಮಾಡಿ, ಅದರಲ್ಲಿ ಡಿಲೇ ಪ್ಲಗಿನ್ ಇಟ್ಟು ಮಿಕ್ಸ್ ಗುಂಡಿಯನ್ನು 100% ವೆಟ್‌ಗೆ ತಿರುಗಿಸಿ, ಅಂದರೆ ಅಲ್ಲಿಂದ ಬರೀ ಪ್ರತಿಧ್ವನಿ ಬರಲಿ. ದನಿಯನ್ನು ಸೆಂಡ್ (ದನಿಯ ನಕಲನ್ನು ಬೇಕಾದಷ್ಟು ಕಳಿಸುವ ಗುಂಡಿ) ಮೂಲಕ ಅಲ್ಲಿಗೆ ಕಳಿಸಿ.

ಇನ್ನು ಪ್ರತಿಧ್ವನಿ ಎಷ್ಟು ತಡವಾಗಿ ಬರಬೇಕೆಂಬ ಸಮಯ. 60,000ವನ್ನು ಹಾಡಿನ ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಬೀಟ್) ಭಾಗಿಸಿದರೆ ಒಂದು ಬೀಟಿನ ಮಿಲಿಸೆಕೆಂಡ್ ಸಿಗುತ್ತದೆ. 90 ಬಿಪಿಎಂಗೆ ಸುಮಾರು 667. ಅದರ ಅರ್ಧ 333, ಮುಕ್ಕಾಲು 500. ಸಿಂಕ್ ಒತ್ತಿದರೆ ಪ್ಲಗಿನ್ನೇ ಈ ಲೆಕ್ಕ ಮಾಡುತ್ತದೆ. ಆದರೂ ಕೈಯಾರೆ 10–15 ಮಿಲಿಸೆಕೆಂಡ್ ಹೆಚ್ಚಿಸಿ ನೋಡಿ. ಪ್ರತಿಧ್ವನಿ ತುಸು ಸೋಮಾರಿಯಾಗಿ ಹಿಂದೆ ಬರುತ್ತದೆ, ನನಗಂತೂ ಅದೇ ಇಷ್ಟ. ಫೀಡ್‌ಬ್ಯಾಕ್ (ಪ್ರತಿಧ್ವನಿ ಎಷ್ಟು ಸಲ ಮರಳಬೇಕೆಂಬ ಗುಂಡಿ) 20% ಸಾಕು.

ಡಿಲೇ ನಂತರ ಈಕ್ಯೂ (ದನಿಯ ಆವರ್ತನಗಳನ್ನು ಏರಿಳಿಸುವ ಸಾಧನ) ಹಾಕಿ 300 ಹರ್ಟ್ಸ್‌ನ ಕೆಳಗೂ 4 ಕಿಲೋಹರ್ಟ್ಸ್‌ನ ಮೇಲೂ ಕತ್ತರಿಸಿ. ಹಳೆಯ ಫೋನಿನಲ್ಲಿ ಮಾತಾಡಿದಂತೆ ಕೇಳಿದರೆ ಸರಿ. 'ಸ', 'ಶ'ಗಳು ಚುಚ್ಚುತ್ತಿದ್ದರೆ ಡಿಲೇಗೂ ಮುಂಚೆ ಆ ಚುಚ್ಚು ತಗ್ಗಿಸುವ ಡಿ-ಎಸ್ಸರ್ ಇರಲಿ.

ಅಸಲಿ ಕೆಲಸ, ಗುಂಡಿ ಎಲ್ಲಿ ಏರಬೇಕು, ಎಲ್ಲಿ ಇಳಿಯಬೇಕೆಂದು ಸಾಫ್ಟ್‌ವೇರಿಗೆ ಬರೆದಿಡುವ ಆಟೊಮೇಶನ್‌ನದು. 'ರಾತ್ರಿಯಿಡೀ ಬರೆದೆ, ಹರಿದೆ, ಮತ್ತೆ ಬರೆದೆ' ಎಂಬ ಸಾಲಿದೆ ಎನ್ನಿ. ಸೆಂಡ್ ಪೂರ್ತಿ ಇಳಿದೇ ಇರಲಿ. ಕೊನೆಯ 'ಬರೆದೆ' ಶುರುವಾಗುವ ಕೂದಲೆಳೆಯಷ್ಟು ಮೊದಲು ಏರಿಸಿ, ಪದ ಮುಗಿದೊಡನೆ ಇಳಿಸಿ. ಏರಿಸುವುದು ತಡವಾದರೆ 'ದೆ... ದೆ...' ಅಷ್ಟೇ ಮರಳುತ್ತದೆ. ಕೆಲವೊಮ್ಮೆ ಅದೇ ಚೆಂದ. ಮೊದಮೊದಲು ನಾನು ಸೆಂಡ್ ಬಿಟ್ಟು ಬಸ್ಸಿನಿಂದ ಹೊರಬರುವ ಸದ್ದಿನ ಫೇಡರನ್ನೇ ಇಳಿಸುತ್ತಿದ್ದೆ. ಬಾಲ ಕತ್ತರಿಸಿದ ಹಾಗೆ ಪ್ರತಿಧ್ವನಿ ಥಟ್ಟನೆ ನಿಲ್ಲುತ್ತಿತ್ತು, ಕಾರಣ ಹೊಳೆಯಲು ವಾರವೇ ಹಿಡಿಯಿತು.

ಹಾಡಿನುದ್ದಕ್ಕೂ ಡಿಲೇ ಬೇಕೇ ಬೇಕೆಂದರೆ ಡಿಲೇ ಬಸ್ಸಿಗೆ ಕಂಪ್ರೆಸರ್ (ಸದ್ದು ತಗ್ಗಿಸುವ ಸಾಧನ) ಹಾಕಿ, ಅದು ಯಾವಾಗ ತಗ್ಗಿಸಬೇಕೆಂದು ಹೇಳುವ ಸೈಡ್‌ಚೈನಿಗೆ ಮೂಲ ದನಿ ಕೊಡಿ. ರ‍್ಯಾಪರ್ ಹಾಡುವಷ್ಟು ಹೊತ್ತು ಪ್ರತಿಧ್ವನಿ ತಗ್ಗಿರುತ್ತದೆ, ಅವರು ಉಸಿರೆಳೆದುಕೊಂಡಾಗ ಮೇಲೇಳುತ್ತದೆ. ರಿಲೀಸ್ (ತಗ್ಗಿದ್ದು ಮೇಲೇಳಲು ಹಿಡಿಯುವ ಸಮಯ) 200 ಮಿಲಿಸೆಕೆಂಡಿನ ಆಸುಪಾಸಿನಿಂದ ಶುರುಮಾಡಿ.

ದನಿ ತೆಳುವೆನಿಸಿದರೆ ಒಂದೇ ಸಲ ಬೇಗ ಮರಳುವ ಸ್ಲ್ಯಾಪ್‌ಬ್ಯಾಕ್ ಇದೆ: 80ರಿಂದ 120 ಮಿಲಿಸೆಕೆಂಡ್, ಫೀಡ್‌ಬ್ಯಾಕ್ ಸೊನ್ನೆ.

ಎಡಬಲ ಪುಟಿಯುವ ಪಿಂಗ್-ಪಾಂಗ್ ಡಿಲೇ, ಸಾಲುಗಳ ನಡುವೆ ತೂರಿಬರುವ ಆಡ್-ಲಿಬ್‌ಗಳಿಗೆ ಒಪ್ಪುತ್ತದೆ. ಹೆಡ್‌ಫೋನಿನಲ್ಲಿ ಕೇಳಿ ಖುಷಿಪಟ್ಟ ಮೇಲೆ ಒಮ್ಮೆ ಮೋನೋ ಮಾಡಿ ಕೇಳಿ. ಅಗಲ ಹೋಗಿ ಎಲ್ಲ ನಡುವೆ ಸೇರಿದಾಗ ಪ್ರತಿಧ್ವನಿ ದನಿಯ ಹೆಗಲೇರಿ ಕೂತಿದ್ದರೆ ಇನ್ನೆರಡು ಡೆಸಿಬೆಲ್ ಇಳಿಸಿ.