ಕಪ್ಪು ಬಿಳುಪು ಫೋಟೊ ಹಸಿರಿಗೆ ತಿರುಗದ ಹಾಗೆ ಮನೆಯಲ್ಲೇ ಪ್ರಿಂಟ್ ತೆಗೆಯುವುದು

ಸ್ಕ್ರೀನ್ ಮೇಲೆ ಅಪ್ಪಟ ಬೂದು, ಕಾಗದಕ್ಕೆ ಬಂದರೆ ಹಸಿರು ಇಲ್ಲವೇ ಗುಲಾಬಿ. ಮನೆಯಲ್ಲಿ ಕಪ್ಪು ಬಿಳುಪು ಪ್ರಿಂಟ್ ತೆಗೆಯುವವರು ಎಲ್ಲರೂ ಹೇಳುವ ಮಾತು ಇದು. ಹೆಚ್ಚಿನವರು ಆಗ ಫೋಟೊವನ್ನೇ ತಿದ್ದಲು ಕೂರುತ್ತಾರೆ. ದಯವಿಟ್ಟು ಬೇಡ. ಬಣ್ಣ ಸೇರಿಕೊಳ್ಳುವುದು ಫೋಟೊದಿಂದ ಅಲ್ಲ, ಪ್ರಿಂಟರಿನಿಂದ.

ನನ್ನದು ಎಪ್ಸನ್ ಎಲ್ 805. ಕಪ್ಪು, ಸಯಾನ್ (ಹಸಿರು ಬೆರೆತ ನೀಲಿ), ಮಜೆಂಟಾ (ನೇರಳೆಗೆಂಪು), ಹಳದಿ, ತಿಳಿ ಸಯಾನ್, ತಿಳಿ ಮಜೆಂಟಾ, ಹೀಗೆ ಆರು ಇಂಕು. ಬೂದು ಇಂಕು ಇಲ್ಲ. ಅಜ್ಜಿಯ ಹಳೇ ಫೋಟೊದಲ್ಲಿರುವ ವಾಯಿಲ್ ಸೀರೆಯ ನಸುಬೂದು ಹುಟ್ಟುವುದು ಬಣ್ಣದ ಇಂಕುಗಳು ಬೆರೆತೇ. ಅದರಲ್ಲಿ ಒಂದು ಚೂರು ಜಾಸ್ತಿ ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ. ಬಣ್ಣದ ಫೋಟೊದಲ್ಲಾದರೆ ಅಷ್ಟು ಗೊತ್ತೇ ಆಗುವುದಿಲ್ಲ. ಕ್ಯಾನನ್ ಪ್ರೊ-200 ತರಹ ಬೂದು ಇಂಕು ಇರುವ ಪ್ರಿಂಟರ್ ನಿಮ್ಮಲ್ಲಿದ್ದರೆ ಅದರ ಕಪ್ಪು ಬಿಳುಪು ಮೋಡಿನಲ್ಲೇ ತೆಗೆಯಿರಿ, ಅರ್ಧ ಕಷ್ಟ ತಪ್ಪುತ್ತದೆ.

ಮೊದಲು ನಾಝಲ್ ಚೆಕ್ ತೆಗೆಯಿರಿ, ಅಂದರೆ ಇಂಕು ಚಿಮ್ಮುವ ತೂತುಗಳು ಕಟ್ಟಿಕೊಂಡಿವೆಯೇ ಅಂತ ತೋರಿಸುವ ಗೆರೆಗಳ ಪ್ರಿಂಟ್. ಹಸಿರನ್ನು ತಗ್ಗಿಸುವುದು ಮಜೆಂಟಾ, ಹಾಗಾಗಿ ತಿಳಿ ಮಜೆಂಟಾ ಗೆರೆ ಅಲ್ಲಲ್ಲಿ ತುಂಡಾಗಿದ್ದರೆ ಹಸಿರಿಗೆ ಅದೇ ಕಾರಣ. ಹೆಡ್ ಕ್ಲೀನ್ ಮಾಡದೆ ಮುಂದೆ ಹೋಗಬೇಡಿ.

ಆಮೇಲೆ ಒಂದು ಬೂದು ಪಟ್ಟಿ ಮಾಡಿಕೊಳ್ಳಿ. ಈ ಕೆಲಸದಲ್ಲಿ ನಾನು ನಂಬುವುದು ಇದೊಂದನ್ನೇ. ಗಿಂಪ್‌ನಲ್ಲೋ ಫೋಟೊಶಾಪ್‌ನಲ್ಲೋ ಸಾಲಾಗಿ 21 ಚೌಕ, ಬಿಳಿಯಿಂದ ಕಪ್ಪಿನವರೆಗೆ, ಒಂದರಿಂದ ಒಂದಕ್ಕೆ ಶೇ 5ರಷ್ಟು ಗಾಢ. ಪ್ರತಿ ಚೌಕದಲ್ಲೂ ಕೆಂಪು, ಹಸಿರು, ನೀಲಿ ಮೂರರ ಅಂಕಿ ಒಂದೇ ಇರಬೇಕು: 128 ಅಂದರೆ ಮೂರೂ 128. ಫೋಟೊ ಪ್ರಿಂಟ್ ಮಾಡಲಿರುವ ಕಾಗದದಲ್ಲೇ, 4x6 ಇಂಚು ಅಳತೆಯಲ್ಲಿ ಇದನ್ನು ಪ್ರಿಂಟ್ ಮಾಡಿ.

ಸೆಟ್ಟಿಂಗಿನಲ್ಲಿ ಹುಷಾರಾಗಿರಬೇಕಾದ್ದು ಒಂದು ಕಡೆ. ಬಣ್ಣ ನೋಡಿಕೊಳ್ಳುವ ಕೆಲಸ ಫೋಟೊಶಾಪ್ ಇಲ್ಲವೇ ಡ್ರೈವರ್ (ಕಂಪ್ಯೂಟರಿನಿಂದ ಪ್ರಿಂಟರ್ ನಡೆಸುವ ಸಾಫ್ಟ್‌ವೇರ್), ಯಾರಾದರೂ ಒಬ್ಬರದ್ದೇ ಆಗಬೇಕು. ಫೋಟೊಶಾಪ್‌ಗೆ ಬಿಟ್ಟರೆ ಅಲ್ಲಿ ಕಾಗದದ ಐಸಿಸಿ ಪ್ರೊಫೈಲ್ (ಆ ಪ್ರಿಂಟರ್, ಇಂಕು, ಕಾಗದದಲ್ಲಿ ಬಣ್ಣ ಹೇಗೆ ಬರುತ್ತದೆ ಅಂತ ಹೇಳುವ ಫೈಲ್) ಆರಿಸಿ, ಡ್ರೈವರಿನಲ್ಲಿ 'ನೋ ಕಲರ್ ಅಡ್ಜಸ್ಟ್‌ಮೆಂಟ್' ಹಾಕಿ. ಇಬ್ಬರೂ ಕೈ ಹಾಕಿದರೆ ಒಂದೇ ಬಣ್ಣವನ್ನು ಎರಡು ಸಲ ತಿದ್ದಿದಂತಾಗಿ ಕೆಡುತ್ತದೆ. ಪೇಪರ್ ಟೈಪ್ ಕೂಡ ಸರಿಯಾಗಿರಲಿ, ಎಷ್ಟು ಇಂಕು ಬೀಳಬೇಕು ಅನ್ನುವುದು ಅದರಿಂದಲೇ ತೀರ್ಮಾನವಾಗುತ್ತದೆ. 'ಗ್ರೇಸ್ಕೇಲ್' ಟಿಕ್ ಮಾಡಿದರೆ ಸಾಕಲ್ವಾ ಅಂತ ಕೇಳುತ್ತಾರೆ. ಕೆಲವು ಪ್ರಿಂಟರುಗಳಲ್ಲಿ ಆಗ ಬರೀ ಕಪ್ಪು ಇಂಕು ಓಡಿ, ಮುಖದ ತಿಳಿ ಭಾಗದಲ್ಲಿ ಮರಳು ಚೆಲ್ಲಿದ ಹಾಗೆ ಚುಕ್ಕಿ ಕಾಣುತ್ತವೆ. ಒಂದು ಸಣ್ಣ ಪ್ರಿಂಟ್ ತೆಗೆದು ನೋಡಿ, ಹಿಡಿಸಿದರೆ ಇಟ್ಟುಕೊಳ್ಳಿ.

ಬಂದ ಪಟ್ಟಿಯನ್ನು ತಕ್ಷಣ ನೋಡಿ ತೀರ್ಪು ಕೊಡಬೇಡಿ. ರಾತ್ರಿಯಿಡೀ ಒಣಗಲಿ. ಬೆಳಿಗ್ಗೆ ನೇರ ಬಿಸಿಲು ಬೀಳದ ಕಿಟಕಿಯ ಹತ್ತಿರ ನೋಡಿ, ಆಮೇಲೆ ಫೋಟೊ ತೂಗುಹಾಕುವ ಕೋಣೆಯ ದೀಪದ ಕೆಳಗೆ ನೋಡಿ. ಕಿಟಕಿಯಲ್ಲಿ ಬೂದಾಗಿದ್ದ ಚೌಕ ಎಲ್‌ಇಡಿ ಬಲ್ಬಿನಡಿ ಗುಲಾಬಿ ಆಗಬಹುದು. ಬಣ್ಣದ ಇಂಕು ಬೆರೆಸಿ ಮಾಡಿದ ಬೂದು ಬಣ್ಣಕ್ಕೆ ಈ ಗುಣ ಇದ್ದೇ ಇರುತ್ತದೆ. ಎರಡೂ ಕಡೆ ಒಂದೇ ಥರ ಬರಲಿ ಅಂತ ಇಂಕು ಸುರಿಯಬೇಡಿ. ಫೋಟೊ ಎಲ್ಲಿ ಇರುತ್ತದೋ ಆ ಬೆಳಕಿಗೆ ಹೊಂದಿಸಿ.

ಈಗ ಚೌಕಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ. ಉದ್ದಕ್ಕೂ ಒಂದೇ ಹಸಿರು ಇದ್ದರೆ, ಬಣ್ಣವನ್ನು ಡ್ರೈವರಿಗೇ ಬಿಟ್ಟು, ಅದರಲ್ಲಿ ಮಜೆಂಟಾವನ್ನು ಒಂದೆರಡು ಅಂಕ ಏರಿಸಿ ಇನ್ನೊಂದು ಪಟ್ಟಿ ತೆಗೆಯಿರಿ. ನನ್ನ ಪ್ರಿಂಟರಿನಲ್ಲಿ ಹಾಗಿರಲಿಲ್ಲ. ಬಿಳಿಯ ಕಡೆ ಚೆನ್ನಾಗಿತ್ತು, ಕಪ್ಪಿನ ಕಡೆಯೂ ಚೆನ್ನಾಗಿತ್ತು, ನಡುವಿನ ನಾಲ್ಕೈದು ಚೌಕ ಮಾತ್ರ ಹಸಿರು. ಇಂಥದ್ದಕ್ಕೆ ಫೋಟೊಶಾಪ್ ಇಲ್ಲವೇ ಗಿಂಪ್‌ನ ಕರ್ವ್ಸ್ ಬೇಕು, ತಿಳಿ, ನಡು, ಗಾಢ ಭಾಗಗಳನ್ನು ಬೇರೆಬೇರೆಯಾಗಿ ತಿದ್ದುವ ಸಾಧನ ಅದು. ಹಸಿರು ಚಾನೆಲ್‌ನ ನಡುಭಾಗವನ್ನು ಕೂದಲೆಳೆಯಷ್ಟು ಕೆಳಗಿಳಿಸಿ. ಈ ತಿದ್ದುಪಡಿಯನ್ನು ಒಂದು ಲೇಯರ್ (ಪದರ) ಆಗಿ ಬೇರೆಯೇ ಸೇವ್ ಮಾಡಿಟ್ಟು, ಪ್ರಿಂಟ್ ಮಾಡುವಾಗ ಮಾತ್ರ ಫೋಟೊದ ಮೇಲೆ ಹಾಕಿ. ಮೂಲ ಫೋಟೊ ಇದ್ದ ಹಾಗೇ ಇರುತ್ತದೆ.

ಪ್ರತಿ ಪಟ್ಟಿಯ ಹಿಂದೆ ಕಾಗದದ ಹೆಸರು, ಸೆಟ್ಟಿಂಗ್, ತಾರೀಖು ಬರೆದಿಡಿ. ಕಾಗದದ ಬ್ರ್ಯಾಂಡ್ ಬದಲಾದರೆ ಇಷ್ಟನ್ನೂ ಮತ್ತೆ ಮಾಡಬೇಕು. ಬೇರೆ ಕಂಪನಿಯ ಇಂಕು ತುಂಬಿಸಿದರೂ ಅಷ್ಟೇ, ಹಳೇ ಪ್ರೊಫೈಲ್ ಅದಕ್ಕೆ ಹೊಂದುವುದಿಲ್ಲ.