ಓದಿದವರಿಗಷ್ಟೇ ಉತ್ತರ ಹೊಳೆಯಬೇಕು: ಪ್ರೌಢಶಾಲಾ ತಂಡಗಳಿಗೆ ಪುಸ್ತಕ ರಸಪ್ರಶ್ನೆ ನಡೆಸುವ ಬಗೆ

ಬೆಂಗಳೂರಿನ ಪ್ರೌಢಶಾಲೆಗಳಲ್ಲಿ ರಸಪ್ರಶ್ನೆ ಸ್ಪರ್ಧೆಗಳಿಗೆ ಕೊರತೆಯಿಲ್ಲ. ಆದರೆ ಸಾಹಿತ್ಯದ ಸುತ್ತು ಬಂದಾಗ ಅಲ್ಲಿ ಕೇಳುವುದು ಬಹುಮಟ್ಟಿಗೆ ಕಾವ್ಯನಾಮ, ಹುಟ್ಟೂರು, ಪ್ರಶಸ್ತಿ ಬಂದ ವರ್ಷ ಇಷ್ಟನ್ನೇ; ಒಂದು ಪುಸ್ತಕವನ್ನೂ ತೆರೆಯದ ವಿದ್ಯಾರ್ಥಿ ಇವಕ್ಕೆಲ್ಲ ಉತ್ತರಿಸಬಲ್ಲ. ಇಲ್ಲಿ ವಿವರಿಸುವ ಸ್ಪರ್ಧೆ ಬೇರೆ ಬಗೆಯದು. ಮೊದಲೇ ಪ್ರಕಟಿಸಿದ ಕೆಲವು ಪುಸ್ತಕಗಳನ್ನು ವಿದ್ಯಾರ್ಥಿಗಳು ತಂಡವಾಗಿ ಓದಿ, ಅವುಗಳ ಒಳಗಿನಿಂದಲೇ ಎತ್ತಿದ ಪ್ರಶ್ನೆಗಳಿಗೆ ಉತ್ತರಿಸುತ್ತಾರೆ. ಅಮೆರಿಕದ ಶಾಲೆಗಳಲ್ಲಿ ‘ಬ್ಯಾಟಲ್ ಆಫ್ ದಿ ಬುಕ್ಸ್’ ಎಂಬ ಹೆಸರಿನಲ್ಲಿ ನಡೆದುಬಂದಿರುವ ಈ ಮಾದರಿಯಲ್ಲಿ ಹಲವು ಪ್ರಶ್ನೆಗಳು ‘ಯಾವ ಪುಸ್ತಕದಲ್ಲಿ’ ಎಂದೇ ಆರಂಭವಾಗುತ್ತವೆ; ತಂಡವು ಕೃತಿಯ ಹೆಸರಿನ ಜೊತೆಗೆ ಲೇಖಕರ ಹೆಸರನ್ನೂ ಹೇಳಬೇಕು.

ಪುಸ್ತಕಗಳ ಪಟ್ಟಿಯನ್ನು ಜುಲೈ ಮೊದಲ ವಾರದಲ್ಲಿ ಪ್ರಕಟಿಸಿ, ಸ್ಪರ್ಧೆಯನ್ನು ನವೆಂಬರ್ ಕೊನೆಗೆ ಇಟ್ಟುಕೊಂಡರೆ ದಸರಾ ರಜೆಯೂ ಓದಿಗೆ ಸಿಗುತ್ತದೆ, ಹತ್ತನೆಯ ತರಗತಿಯವರಿಗೆ ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಗಳ ಒತ್ತಡವೂ ತಟ್ಟುವುದಿಲ್ಲ. ಐದು ಅಥವಾ ಆರು ಪುಸ್ತಕ ಸಾಕು: ಎರಡು ಕಾದಂಬರಿ, ಒಂದು ಕಥಾಸಂಕಲನ, ಒಂದು ಪ್ರವಾಸಕಥನ ಅಥವಾ ಆತ್ಮಕಥೆ, ಒಂದು ಅನುವಾದ. ಒಟ್ಟು ಪುಟಗಳು ಒಂಬೈನೂರು ದಾಟದಿರುವುದು ಒಳ್ಳೆಯದು. ಪಠ್ಯಪುಸ್ತಕದಲ್ಲಿ ಭಾಗವಾಗಿ ಬಂದಿರುವ ಕೃತಿಯನ್ನು ಪಟ್ಟಿಗೆ ಸೇರಿಸಬಾರದು, ಏಕೆಂದರೆ ಅದರ ಪ್ರಶ್ನೋತ್ತರಗಳು ಗೈಡುಗಳಲ್ಲಿಯೇ ಸಿದ್ಧವಾಗಿರುತ್ತವೆ. ಪ್ರತಿ ಶಾಲೆಗೂ ಪ್ರತಿ ಪುಸ್ತಕದ ಕನಿಷ್ಠ ಮೂರು ಪ್ರತಿ ಬೇಕಾಗುತ್ತದೆ. ಬಡಾವಣೆಯ ಸಾರ್ವಜನಿಕ ಗ್ರಂಥಾಲಯ, ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯ, ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಅಂಗಡಿಗಳು ಇವೆಲ್ಲವನ್ನೂ ವಿಚಾರಿಸಿ, ಪ್ರತಿಗಳು ಸಿಗುವುದು ಖಚಿತವಾದ ಮೇಲೆಯೇ ಪಟ್ಟಿಯನ್ನು ಅಂತಿಮಗೊಳಿಸಬೇಕು.

ತಂಡದಲ್ಲಿ ಐವರಿರಲಿ, ನಾಲ್ವರು ವೇದಿಕೆಯಲ್ಲಿ ಕೂರುತ್ತಾರೆ, ಒಬ್ಬರು ಬದಲಿ. ಐವರಿರುವ ತಂಡ ಮೊದಲು ಮಾಡುವ ಕೆಲಸವೆಂದರೆ ಪುಸ್ತಕಗಳನ್ನು ತಲೆಗೊಂದರಂತೆ ಹಂಚಿಕೊಳ್ಳುವುದು. ಇದನ್ನು ತಡೆಯದಿದ್ದರೆ ಸ್ಪರ್ಧೆಯ ಉದ್ದೇಶವೇ ಹಾಳಾಗುತ್ತದೆ: ಆ ಪುಸ್ತಕ ಓದಿದ ಒಬ್ಬಳು ಜ್ವರ ಬಂದು ಮಲಗಿದರೆ ತಂಡವೇ ಮೌನವಾಗುತ್ತದೆ, ಮಿಕ್ಕವರಿಗೆ ಆ ಕೃತಿಯ ಪರಿಚಯವೇ ಆಗಿರುವುದಿಲ್ಲ. ಪ್ರತಿ ಪುಸ್ತಕವನ್ನೂ ಕನಿಷ್ಠ ಮೂವರು ಪೂರ್ಣವಾಗಿ ಓದಿರಬೇಕೆಂಬ ನಿಯಮವನ್ನು ಮಾರ್ಗದರ್ಶಿ ಶಿಕ್ಷಕರು ಪಾಲಿಸುವಂತೆ ನೋಡಿಕೊಳ್ಳಬೇಕು. ವಾರಕ್ಕೊಮ್ಮೆ ಗ್ರಂಥಾಲಯದ ಅವಧಿಯಲ್ಲಿ ತಂಡದವರು ತಾವೇ ಬರೆದ ಪ್ರಶ್ನೆಗಳನ್ನು ಪರಸ್ಪರ ಕೇಳಿಕೊಳ್ಳುವುದಕ್ಕಿಂತ ಉತ್ತಮವಾದ ತಯಾರಿಯನ್ನು ನಾನು ಕಂಡಿಲ್ಲ. ಪ್ರಶ್ನೆ ಬರೆಯಲು ಕುಳಿತ ವಿದ್ಯಾರ್ಥಿ ಅದೇ ಪುಟವನ್ನು ಎರಡನೆಯ ಸಲ, ಮೂರನೆಯ ಸಲ ಓದಲೇಬೇಕಾಗುತ್ತದೆ.

ಸ್ಪರ್ಧೆಯ ಹೊಣೆಯಲ್ಲಿ ಅತ್ಯಂತ ಕಷ್ಟವಾದದ್ದು ಪ್ರಶ್ನೆಗಳ ರಚನೆ, ಮತ್ತು ಇದಕ್ಕೇ ಅತಿ ಕಡಿಮೆ ಸಮಯ ಕೊಡುವುದು ನಮ್ಮಲ್ಲಿ ರೂಢಿ. ತೇಜಸ್ವಿಯವರ ‘ಕರ್ವಾಲೊ’ ಪಟ್ಟಿಯಲ್ಲಿದೆ ಎಂದುಕೊಳ್ಳೋಣ. ಅದು 1980ರಲ್ಲಿ ಪ್ರಕಟವಾಯಿತು ಎಂಬುದು ಪ್ರಶ್ನೆಯಾಗಲು ಯೋಗ್ಯವಲ್ಲ. ಹಾರುವ ಓತಿಯ ಹೆಸರು ಹೇಳಿದರಂತೂ ಓದದವರೂ ಉತ್ತರಿಸುತ್ತಾರೆ. ನಿರೂಪಕನಿಗೆ ಮಂದಣ್ಣ ಮೊದಲು ಎಲ್ಲಿ, ಯಾವ ಕೆಲಸದ ನಡುವೆ ಸಿಕ್ಕ ಎಂದು ಕೇಳಿದರೆ ಪುಸ್ತಕ ಓದಿದವರ ಮುಖ ಮಾತ್ರ ಅರಳುತ್ತದೆ. ‘ಕಿವಿ ಎಂಬ ನಾಯಿ ಬರುವುದು ಯಾವ ಪುಸ್ತಕದಲ್ಲಿ’ ಎಂಬ ಪ್ರಶ್ನೆ ಮೇಲ್ನೋಟಕ್ಕೆ ಸೊಗಸಾಗಿದೆ. ಆದರೆ ಅದೇ ನಾಯಿ ಅದೇ ಲೇಖಕರ ‘ಪರಿಸರದ ಕತೆ’ಯಲ್ಲಿಯೂ ಇದೆ. ಎರಡೂ ಪಟ್ಟಿಯಲ್ಲಿದ್ದರೆ ಜಗಳ ಖಂಡಿತ. ಆದ್ದರಿಂದ ‘ಯಾವ ಪುಸ್ತಕದಲ್ಲಿ’ ಪ್ರಶ್ನೆಯೊಂದನ್ನು ಬರೆದವರು ಅದನ್ನು ಪಟ್ಟಿಯ ಉಳಿದೆಲ್ಲ ಪುಸ್ತಕಗಳಿಗೂ ಹೊಂದಿಸಿ ನೋಡಬೇಕು.

ಸಿನಿಮಾ ಆಗಿರುವ ಕೃತಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಶಿವರಾಮ ಕಾರಂತರ ‘ಚೋಮನ ದುಡಿ’ 1933ರ ಕಾದಂಬರಿ, ಬಿ.ವಿ. ಕಾರಂತರು ನಿರ್ದೇಶಿಸಿದ ಚಿತ್ರ 1975ರದು. ಚೋಮ ತನ್ನ ಮಕ್ಕಳನ್ನು ಕಾಫಿ ತೋಟಕ್ಕೆ ಕಳಿಸಿದ್ದೇಕೆ ಎಂಬಂಥ ಪ್ರಶ್ನೆಗೆ ಚಿತ್ರ ನೋಡಿದವರೂ ಉತ್ತರಿಸಬಹುದು. ಹಾಗಾಗಿ ಪ್ರಶ್ನೆ ಬರೆಯುವವರು ಚಿತ್ರವನ್ನೂ ನೋಡಿ, ಪುಟದಲ್ಲಿ ಮಾತ್ರ ಇರುವ ವಿವರವನ್ನು ಆರಿಸಿಕೊಳ್ಳಬೇಕು. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಅಧ್ಯಾಯ, ಪುಟ, ಮುದ್ರಣದ ವರ್ಷ ಬರೆದಿಡಬೇಕು. ಆದರೆ ಪುಟಸಂಖ್ಯೆಯನ್ನೇ ಪ್ರಶ್ನೆಯಾಗಿ ಕೇಳಬಾರದು, ಮುದ್ರಣದಿಂದ ಮುದ್ರಣಕ್ಕೆ ಅದು ಬದಲಾಗುತ್ತದೆ.

ಒಂದು ಪಂದ್ಯಕ್ಕೆ ಎರಡು ತಂಡ, ಹದಿನಾರು ಪ್ರಶ್ನೆ. ಅರ್ಧದಷ್ಟು ‘ಯಾವ ಪುಸ್ತಕದಲ್ಲಿ’ ಪ್ರಶ್ನೆಗಳಾಗಿರಲಿ: ಕೃತಿಯ ಹೆಸರಿಗೆ ಮೂರು ಅಂಕ, ಲೇಖಕರ ಹೆಸರಿಗೆ ಎರಡು. ಉಳಿದರ್ಧದಲ್ಲಿ ಕೃತಿಯ ಹೆಸರನ್ನು ಮೊದಲೇ ಹೇಳಿ ಒಳಗಿನ ವಿವರ ಕೇಳಬೇಕು. ಪ್ರಶ್ನೆಯನ್ನು ನಿಧಾನವಾಗಿ ಎರಡು ಬಾರಿ ಓದಿ, ಇಪ್ಪತ್ತು ಸೆಕೆಂಡು ಸಮಾಲೋಚನೆಗೆ ಬಿಡಬೇಕು. ಉತ್ತರವನ್ನು ನಾಯಕ ಅಥವಾ ನಾಯಕಿ ಮಾತ್ರ ಹೇಳಬೇಕು. ಬಜರ್ ಬೇಡವೆಂಬುದು ನನ್ನ ದೃಢ ಅಭಿಪ್ರಾಯ. ಬಜರ್ ಇದ್ದಲ್ಲಿ ಕೈಚುರುಕಿನವರು ಗೆಲ್ಲುತ್ತಾರೆ. ನಾಲ್ಕು ತಲೆಗಳು ಸೇರಿ ಪಿಸುಗುಟ್ಟುತ್ತ ನೆನಪಿಸಿಕೊಳ್ಳುವ ಆ ಇಪ್ಪತ್ತು ಸೆಕೆಂಡುಗಳೇ ಇಲ್ಲವಾಗುತ್ತವೆ.

ಮೊದಲ ಸುತ್ತುಗಳನ್ನು ನಡೆದುಹೋಗುವಷ್ಟು ಹತ್ತಿರದ ನಾಲ್ಕೈದು ಶಾಲೆಗಳ ನಡುವೆ ಶನಿವಾರ ಮಧ್ಯಾಹ್ನ ನಡೆಸಬೇಕು. ಯಲಹಂಕದ ಮಕ್ಕಳನ್ನು ಜಯನಗರಕ್ಕೆ ಕರೆತಂದರೆ ಅರ್ಧ ದಿನ ವಾಹನ ದಟ್ಟಣೆಯಲ್ಲಿಯೇ ಕಳೆಯುತ್ತದೆ. ಅಂತಿಮ ಸುತ್ತಿಗೆ ಮೆಟ್ರೊ ನಿಲ್ದಾಣಕ್ಕೆ ಸಮೀಪದ ಸಭಾಂಗಣ ಸಾಕು.

ನಮ್ಮ ನಗರದ ಅನೇಕ ತರಗತಿಗಳಲ್ಲಿ ಕನ್ನಡವು ಕೆಲವರಿಗೆ ಪ್ರಥಮ ಭಾಷೆ, ಕೆಲವರಿಗೆ ದ್ವಿತೀಯ, ಕೆಲವರಿಗೆ ತೃತೀಯ; ಮನೆಯಲ್ಲಿ ತಮಿಳು, ತೆಲುಗು, ಉರ್ದು ಮಾತಾಡುವವರೂ ಅದೇ ಬೆಂಚಿನಲ್ಲಿರುತ್ತಾರೆ. ಇವರನ್ನು ಬೇರೆ ವಿಭಾಗಕ್ಕೆ ತಳ್ಳುವ ಬದಲು ಒಂದೇ ತಂಡದಲ್ಲಿ ಬೆರೆಸಿ, ಓದಲು ತಡವರಿಸುವವರಿಗೆ ಗೆಳೆಯರು ಗಟ್ಟಿಯಾಗಿ ಓದಿ ಹೇಳುವ ವ್ಯವಸ್ಥೆ ಮಾಡಬೇಕು. ಪ್ರಶ್ನೆಯ ಮುದ್ರಿತ ಚೀಟಿಯನ್ನೂ ಮೇಜಿನ ಮೇಲೆ ಇಡಬೇಕು. ಹಕಾರ, ಳಕಾರ ತಪ್ಪಿದ ಉಚ್ಚಾರಣೆಗೆ, ಆಡುಮಾತಿನ ಉತ್ತರಕ್ಕೆ ಒಂದು ಅಂಕವನ್ನೂ ಕಳೆಯಬಾರದು.

ತೀರ್ಪುಗಾರರ ಮೇಜಿನಲ್ಲಿ ಪಟ್ಟಿಯ ಎಲ್ಲ ಪುಸ್ತಕಗಳೂ ಇರಬೇಕು. ಆಕ್ಷೇಪವಿದ್ದರೆ ಮುಂದಿನ ಪ್ರಶ್ನೆ ಓದುವ ಮುನ್ನ ಸಲ್ಲಿಸಬೇಕು. ತೀರ್ಪುಗಾರರು ಪುಟ ತೆರೆದು ಆ ಸಾಲನ್ನು ಎಲ್ಲರಿಗೂ ಕೇಳುವಂತೆ ಓದಿ ನಿರ್ಧರಿಸಬೇಕು. ಸ್ಪರ್ಧೆ ಮುಗಿದ ಮೇಲೆ ಪ್ರಶ್ನೆಪತ್ರಿಕೆಯನ್ನು ಉತ್ತರ ಮತ್ತು ಪುಟಸಂಖ್ಯೆಗಳ ಸಮೇತ ಭಾಗವಹಿಸಿದ ಪ್ರತಿ ಶಾಲೆಯ ಗ್ರಂಥಾಲಯಕ್ಕೂ ಕೊಡಬೇಕು. ಸೋತ ತಂಡದವರು ತಪ್ಪಿದ ಉತ್ತರ ಎಲ್ಲಿತ್ತೆಂದು ಅದೇ ಪುಟಕ್ಕೆ ಹೋಗಿ ನೋಡಬಹುದು.