ಮಡಚುವ ಚಾಕುವಿನ ಗೀರು ತೆಗೆಯುವುದು
ಅಲಗಿಗೆ ಕಪ್ಪು ಲೇಪನವಿದ್ದರೆ ಉಜ್ಜಲೇಬೇಡಿ, ಲೇಪನವೇ ಎದ್ದುಹೋಗುತ್ತದೆ. ಇದು ಬರಿಯ ಸ್ಟೀಲಿಗೆ ಮಾತ್ರ. ಅಲಗಿನ ಹರಿತವಾದ ಬಾಯಿಗೆ ಎರಡು ಪದರ ಟೇಪ್ ಅಂಟಿಸಿ, ಅಲಗನ್ನು ಹಲಗೆಯ ಮೇಲೆ ಚಪ್ಪಟೆಯಾಗಿ ಒತ್ತಿ ಹಿಡಿಯಿರಿ. ಗೀರು ಉಗುರಿಗೆ ತಗಲಿದರೆ 400 ನಂಬರಿನ ವಾಟರ್ ಪೇಪರ್ (ಒದ್ದೆ ಮಾಡಿ ಉಜ್ಜುವ ಮರಳು ಕಾಗದ; ನಂಬರ್ ಹೆಚ್ಚಾದಷ್ಟೂ ನಯ), ಆಮೇಲೆ 800; ಇಲ್ಲವಾದರೆ ನೇರ 800. ಕಾಗದವನ್ನು ರಬ್ಬರ್ ತುಂಡಿಗೆ ಸುತ್ತಿ, ಎರಡು ಹನಿ ಎಣ್ಣೆ ಬಿಟ್ಟು, ಮೊದಲಿದ್ದ ಗೆರೆಗಳ ದಿಕ್ಕಿನಲ್ಲೇ ಎಳೆಯಿರಿ. ಹಿಂದೆ ಮುಂದೆ ತಿಕ್ಕಿದರೆ ತುದಿಯಲ್ಲಿ ಕೊಕ್ಕೆಯಂಥ ಗುರುತು ಬೀಳುತ್ತದೆ. 400ರ ಗೆರೆ ಪೂರ್ತಿ ಅಳಿಯುವವರೆಗೆ 800ರಿಂದ ಉಜ್ಜುವುದನ್ನು ನಿಲ್ಲಿಸಬೇಡಿ; ಅವಸರ ಮಾಡಿದ್ದೆಲ್ಲ ಪಾಲಿಶ್ ಆದಮೇಲೆ ಎದ್ದು ಕಾಣುತ್ತದೆ. ಸ್ಯಾಟಿನ್ ನಯ (ಮಂದ ಹೊಳಪು) ಸಾಕೆಂದರೆ ಇಲ್ಲಿಗೇ ನಿಲ್ಲಿಸಿ (ನಿತ್ಯ ಬಳಸುವ ಚಾಕುವಿಗೆ ಇದೇ ಮೇಲು, ಹೊಸ ಗೀರು ಅಷ್ಟು ಕಾಣುವುದಿಲ್ಲ). ಕನ್ನಡಿಯ ಹೊಳಪಿಗೆ 1500, 2000, ಆಮೇಲೆ ಬ್ರಾಸೋ ಲೋಹದ ಪಾಲಿಶ್. ಕೀಲಿನ ಸಂದಿಯಲ್ಲಿ ಸೇರಿದ ಪುಡಿಯನ್ನು ಸೋಪುನೀರಲ್ಲಿ ತೊಳೆದು, ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಬಿಡಿ.